‘ಆಹಾರ-ಜಲ ಶುದ್ಧ’ವೆಂಬ ಮಾತಿನ ಭಾರ

ದಿಗಂಬರ ಮುನಿಗಳಿಗೆ ಆಹಾರದಾನ ಮಾಡುವ ಶ್ರಾವಕನು ನವಧಾ ಭಕ್ತಿಯಿಂದ ನಡೆದುಕೊಳ್ಳಬೇಕೆಂಬುದು ಸರ್ವವಿದಿತ. ಪ್ರತಿಗ್ರಹ, ಉಚ್ಚಾಸನ, ಪಾದಪ್ರಕ್ಷಾಲನ, ಅರ್ಚನೆ, ಪ್ರಣಾಮಗಳಾದ ಬಳಿಕ ಮನಶ್ಶುದ್ಧಿ, ವಚನಶುದ್ಧಿ, ಕಾಯಶುದ್ಧಿಗಳನ್ನು ಅರಿಕೆ ಮಾಡಿ, ಕಟ್ಟಕಡೆಗೆ ಆಹಾರ-ಜಲಗಳು ಶುದ್ಧವಾಗಿವೆಯೆಂದು ಅವನು ಬಾಯ್ಬಿಟ್ಟು ಹೇಳಬೇಕು. ಹೇಳಿದ ಮೇಲೆಯೇ ಅಂಜಲಿ ತೆರೆಯುತ್ತದೆ. ಮೊದಲಿನ ಮೂರು ಶುದ್ಧಿಗಳು ಹೇಳುವವನ ಸ್ವಂತದವು. ತನ್ನ ಮನಸ್ಸು, ಮಾತು, ಮೈ ಹೇಗಿವೆಯೆಂಬುದನ್ನು ಅವನು ತಾನೇ ಬಲ್ಲನು. ನಾಲ್ಕನೆಯದು ಹಾಗಲ್ಲ. ಅದು ಅವನಿಂದ ಹೊರಗಿರುವ ಪದಾರ್ಥವನ್ನು ಕುರಿತ ಮಾತು. ಹಾಲು ಅವನ ಕೊಟ್ಟಿಗೆಯದಲ್ಲ, ತುಪ್ಪ ಅವನ ಮನೆಯಲ್ಲಿ ಕಾಯಿಸಿದುದಲ್ಲ, ಅರಿಸಿನ ಪೇಟೆಯದು, ನೀರು ಕೊಳವೆಬಾವಿಯದು. ಇವೆಲ್ಲವನ್ನೂ ಶುದ್ಧವೆಂದು ಹೇಳುವಾಗ ಅವನು ಯಾವ ಅರಿವಿನ ಬಲದಿಂದ ಹೇಳುತ್ತಾನೆ? ಆ ಮಾತು ಸತ್ಯಾಣುವ್ರತದ ವ್ಯಾಪ್ತಿಗೆ ಸೇರಿದುದೋ, ಇಲ್ಲವೆ ಪರಂಪರೆಯಿಂದ ಬಂದ ಬರಿಯ ಉಪಚಾರವೋ?

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಹಳೆಯ ಮನೆಗಳಲ್ಲಿ ಈ ಪ್ರಶ್ನೆ ಏಳುತ್ತಿರಲಿಲ್ಲ. ಅಕ್ಕಿ ಹೊಲದಿಂದ ಬರುತ್ತಿತ್ತು, ಆಕಳು ಹಿತ್ತಿಲಲ್ಲಿತ್ತು, ಬಾವಿ ಅಂಗಳದಲ್ಲಿತ್ತು. ಶುದ್ಧಿಯ ಕ್ರಿಯೆ ಮೊದಲಿನಿಂದ ಕೊನೆಯವರೆಗೆ ಶ್ರಾವಿಕೆಯ ಕಣ್ಣೆದುರಿಗೇ ನಡೆಯುತ್ತಿತ್ತು. ಮೊರದಲ್ಲಿ ಕೇರಿ ಹೊಟ್ಟನ್ನು ಹಾರಿಸುವುದು, ಜರಡಿ ಹಿಡಿದು ನುಚ್ಚನ್ನು ಬೇರ್ಪಡಿಸುವುದು, ಕಲ್ಲು-ಹುಳುಗಳನ್ನು ಆರಿಸುವುದು, ಬಟ್ಟೆಯಿಂದ ನೀರನ್ನು ಸೋಸುವುದು, ರಾಡಿ ನೀರನ್ನು ತಿಳಿಯಾಗಲು ಬಿಟ್ಟು ಮೇಲಿನದನ್ನು ಬಸಿಯುವುದು ಅವಳ ನಿತ್ಯದ ಕೆಲಸಗಳಾಗಿದ್ದವು. ಇಂದಿನ ಶಾಲಾ ಪುಸ್ತಕವು ಮಿಶ್ರಣಗಳನ್ನು ಬೇರ್ಪಡಿಸುವ ವಿಧಾನಗಳೆಂದು ಮಕ್ಕಳಿಗೆ ಕಲಿಸುವುದೂ ಇವನ್ನೇ. ತೂಕದ ಭೇದದಿಂದ ಒಂದು, ಗಾತ್ರದ ಭೇದದಿಂದ ಇನ್ನೊಂದು, ಕಣ್ಣಿನ ಗುರುತಿನಿಂದ ಮತ್ತೊಂದು. ಹಿಟ್ಟು ಮಳೆಗಾಲದಲ್ಲಿ 3 ದಿನ, ಬೇಸಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳ ಮಿತಿಯನ್ನು ದಾಟಬಾರದು; ಸೋಸಿದ ನೀರು ಎರಡು ಘಳಿಗೆ, ಎಂದರೆ 48 ನಿಮಿಷ ಕಳೆದರೆ ಮತ್ತೆ ಸೋಸಬೇಕು. ರಸಾಯನಶಾಸ್ತ್ರದ ಹೆಸರನ್ನೇ ಕೇಳದ ಗೃಹಿಣಿಯು ಕಾಲವನ್ನೂ ಒಂದು ಅಳತೆಯಾಗಿ ಬಳಸುತ್ತಿದ್ದಳು.

ನೀರು ಸೋಸುವ ಬಟ್ಟೆಯ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತರಿಸಬಹುದು. ಬಟ್ಟೆ ದಪ್ಪವಾಗಿರಬೇಕು, ಎರಡು ಪದರವಾಗಿ ಮಡಿಸಿರಬೇಕು, ಅದರ ಮೂಲಕ ಸೂರ್ಯನ ಬೆಳಕು ನೇರವಾಗಿ ಹಾಯಬಾರದು ಎಂಬ ಕಟ್ಟಳೆಯನ್ನು ಕೆಲವರು ಹಾಸ್ಯ ಮಾಡಿದ್ದುಂಟು. ಬಾಂಗ್ಲಾದೇಶದ ಮತ್ಲಬ್ ಪ್ರದೇಶದ ಹಳ್ಳಿಗಳಲ್ಲಿ ಅಮೆರಿಕದ ವಿಜ್ಞಾನಿ ರೀಟಾ ಕೋಲ್ವೆಲ್ ಅವರೂ ಅವರ ಸಂಗಡಿಗರೂ ಒಂದು ಪ್ರಯೋಗವನ್ನು ನಡೆಸಿ 2003ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಹಳೆಯ ಸೀರೆಯನ್ನು ಹಲವು ಪದರಗಳಾಗಿ ಮಡಿಸಿ ಕೊಡದ ಬಾಯಿಗೆ ಕಟ್ಟಿ ನೀರು ಸೋಸಿದ ಹಳ್ಳಿಗಳಲ್ಲಿ ಕಾಲರಾ ಬೇನೆ ಶೇ. 48ರಷ್ಟು ತಗ್ಗಿತ್ತು. ಕಾಲರಾದ ಅಣುಜೀವಿಯು ಬಟ್ಟೆಯ ರಂಧ್ರಕ್ಕಿಂತ ಬಹಳ ಚಿಕ್ಕದು, ಒಂಟಿಯಾಗಿದ್ದರೆ ಅದು ಸಲೀಸಾಗಿ ನುಸುಳಿಹೋಗುತ್ತದೆ. ಆದರೆ ಅದು ನೀರಿನಲ್ಲಿ ತೇಲುವ ಸೂಕ್ಷ್ಮ ಜಲಚರಗಳ ಮೈಗೆ ಅಂಟಿಕೊಂಡು ಬದುಕುತ್ತದೆ, ಆ ಜಲಚರಗಳು ಸೀರೆಯ ಮಡಿಕೆಯಲ್ಲಿ ಸಿಕ್ಕಿಬೀಳುತ್ತವೆ. ಹಾಗೆಂದು ಆಚಾರ್ಯರು ಕಾಲರಾ ನಿವಾರಣೆಗಾಗಿಯೇ ಸೋಸುವಿಕೆಯನ್ನು ವಿಧಿಸಿದರೆಂದು ಹೇಳುವುದು ಸಲ್ಲದು. ಅವರ ದೃಷ್ಟಿ ಕುಡಿಯುವವನ ಆರೋಗ್ಯದ ಮೇಲಿರಲಿಲ್ಲ, ಬಟ್ಟೆಯಲ್ಲಿ ಉಳಿಯುವ ಜೀವಿಯ ಮೇಲಿತ್ತು.

ಇಲ್ಲಿಯೇ ಪ್ರಯೋಗಶಾಲೆಯ ಸೋಸುವಿಕೆಗೂ ಶ್ರಾವಕರ ಮನೆಯ ಸೋಸುವಿಕೆಗೂ ಅಂತರವಿದೆ. ಸೋಸುವಾಗ ಪ್ರತಿ ಸಲವೂ ಎರಡು ಭಾಗಗಳಾಗುತ್ತವೆ. ಕೆಳಗಿಳಿದದ್ದು ಒಂದು, ಮೇಲುಳಿದದ್ದು ಇನ್ನೊಂದು. ರಸಾಯನಶಾಸ್ತ್ರಜ್ಞನು ತನಗೆ ಬೇಕಾದುದನ್ನು ಇರಿಸಿಕೊಂಡು ಬೇಡವಾದುದನ್ನು ಚೆಲ್ಲುತ್ತಾನೆ. ಶ್ರಾವಕನಿಗೆ ಚೆಲ್ಲುವ ಅಧಿಕಾರವಿಲ್ಲ. ಬಟ್ಟೆಯ ಮೇಲುಳಿದ ಜೀವಿಗಳನ್ನು ಸೋಸಿದ ನೀರಿನಿಂದಲೇ ತೊಳೆದು, ತಂದ ಬಾವಿಗೇ, ಎತ್ತರದಿಂದ ಸುರಿಯದೆ, ನೀರಿನ ಮಟ್ಟದವರೆಗೆ ಇಳಿಸಿ ಬಿಡಬೇಕು. ಆ ಜೀವಿಗಳು ಅದೇ ನೀರಿನಲ್ಲಿ ಹುಟ್ಟಿದವು. ಬೇರೆ ನೀರಿನಲ್ಲಿ ಉಳಿಯಲಾರವು. ಇಂದು ಕೊಳವೆಬಾವಿಯ ನೀರನ್ನು ಸೋಸಿದರೆ ಉಳಿದುದನ್ನು ಹಿಂದಿರುಗಿಸುವ ದಾರಿಯೇ ಇಲ್ಲ. ನಾನೂರು ಅಡಿ ಆಳದ ಕೊಳವೆಗೆ ಯಾವ ಹಗ್ಗದ ಬಿಂದಿಗೆ ಇಳಿದೀತು? ಅಭಿಷೇಕಕ್ಕೂ ಮುನಿಗಳ ಆಹಾರಕ್ಕೂ ಸೇದುವ ಬಾವಿಯ ನೀರೇ ಆಗಬೇಕೆಂದು ಹಿರಿಯರು ಹಟ ಹಿಡಿಯುವುದು ಮೇಲುನೋಟಕ್ಕೆ ಮಡಿವಂತಿಕೆಯಾಗಿ ಕಾಣುತ್ತದೆ. ಅದರ ಹಿಂದೆ ಈ ಲೆಕ್ಕವಿದೆ.

ಸೋಸುವಿಕೆಗೂ ಒಂದು ಗಡಿಯುಂಟು. ನೀರಿನಲ್ಲಿ ತೇಲುವುದನ್ನು ಬಟ್ಟೆ ಹಿಡಿಯುತ್ತದೆ, ಕರಗಿದುದನ್ನು ಹಿಡಿಯಲಾರದು. ಒಂದು ಚಿಟಿಕೆ ಉಪ್ಪನ್ನು ಕರಗಿಸಿ ನೂರು ಪದರ ಬಟ್ಟೆಯಲ್ಲಿ ಸೋಸಿದರೂ ಉಪ್ಪು ನೀರಿನ ಸಂಗಡವೇ ಇಳಿಯುತ್ತದೆ. ಕರ್ನಾಟಕದ ಹಲವು ಜಿಲ್ಲೆಗಳ ಅಂತರ್ಜಲದಲ್ಲಿರುವ ಫ್ಲೋರೈಡ್ ಇಂಥದೇ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಭಾರತೀಯ ಮಾನಕವು ಕುಡಿಯುವ ನೀರಿನ ಒಂದು ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡನ್ನು ಒಪ್ಪುತ್ತದೆ, ಬೇರೆ ನೀರು ಸಿಗದಿದ್ದರೆ 1.5ರವರೆಗೆ ಸಹಿಸುತ್ತದೆ, ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಲೆ, ಆಮೇಲೆ ಎಲುಬಿನ ಬಾಧೆ. ಇಂಥ ನೀರನ್ನು ಶಾಸ್ತ್ರೋಕ್ತವಾಗಿ ಸೋಸಿ, ಕಾಯಿಸಿ, ಶುದ್ಧವೆಂದು ಹೇಳಿದ ಶ್ರಾವಕನು ಸುಳ್ಳಾಡಿದನೇ? ಇಲ್ಲವೆಂದೇ ತೋರುತ್ತದೆ. ಅವನು ಹೇಳಿದ ಶುದ್ಧಿಯು ಜೀವಹಿಂಸೆಯನ್ನು ಕುರಿತದ್ದು, ಖನಿಜಗಳನ್ನು ಕುರಿತದ್ದಲ್ಲ. ಊರೂರಿನ ಶುದ್ಧ ಕುಡಿಯುವ ನೀರಿನ ಘಟಕಗಳ ಫಲಕದ ಮೇಲಿರುವ ‘ಶುದ್ಧ’ವೇ ಬೇರೆ, ಚೌಕೆಯಲ್ಲಿ ನುಡಿಯುವ ‘ಶುದ್ಧ’ವೇ ಬೇರೆ. ಒಂದೇ ಪದವು ಎರಡು ಬಾಗಿಲುಗಳಿಗೆ ಕಾವಲು ನಿಂತಿದೆ.

ಹಾಲಿನ ವಿಚಾರಕ್ಕೆ ಬಂದರೆ ತೊಡಕು ಹೆಚ್ಚುತ್ತದೆ. ರಸಾಯನಶಾಸ್ತ್ರದ ಭಾಷೆಯಲ್ಲಿ ಶುದ್ಧ ವಸ್ತುವೆಂದರೆ ಒಂದೇ ಬಗೆಯ ಕಣಗಳಿಂದಾದುದು, ನಿಶ್ಚಿತವಾದ ಕುದಿಬಿಂದು ಕರಗುಬಿಂದುಗಳುಳ್ಳದ್ದು. ಈ ಲಕ್ಷಣದ ಪ್ರಕಾರ ಹಾಲು ಎಂದಿಗೂ ಶುದ್ಧ ವಸ್ತುವಾಗಲಾರದು. ಆಕಳ ಕೆಚ್ಚಲಿನಿಂದ ಆಗತಾನೆ ಬಂದ ಹಾಲು ಕೂಡ ನೂರಕ್ಕೆ ಸುಮಾರು 87 ಪಾಲು ನೀರು. ಉಳಿದದ್ದು ಕೊಬ್ಬು, ಸಸಾರಜನಕ, ಹಾಲು-ಸಕ್ಕರೆ, ಲವಣಗಳು. ಅದು ಹುಟ್ಟಿನಿಂದಲೇ ಮಿಶ್ರಣ. ಹಾಗಿದ್ದರೂ ‘ಶುದ್ಧ ಹಾಲು’ ಎಂಬ ಮಾತಿಗೆ ಅರ್ಥವಿದೆ, ಆ ಅರ್ಥ ಎಲ್ಲರಿಗೂ ತಿಳಿಯುತ್ತದೆ. 87 ಪಾಲು ನೀರಿರುವ ಹಾಲಿಗೆ ಇನ್ನೂ ಐದು ಪಾಲು ನೀರು ಬೆರೆಸಿದರೆ ಅದು ಅಶುದ್ಧ. ಸೇರಿದ ನೀರಿಗೂ ಇದ್ದ ನೀರಿಗೂ ಪದಾರ್ಥದ ದೃಷ್ಟಿಯಿಂದ ಎಳ್ಳಷ್ಟೂ ಭೇದವಿಲ್ಲ. ಭೇದವಿರುವುದು ಹೆಸರಿನಲ್ಲಿ. ಹಾಲೆಂಬ ಹೆಸರಿಗೆ ಹಣ ಪಡೆದು ನೀರನ್ನು ಕೊಟ್ಟದ್ದರಲ್ಲಿ.

ಆದುದರಿಂದಲೇ ಆಚಾರ್ಯರು ಕಲಬೆರಕೆಯನ್ನು ಅಹಿಂಸೆಯ ಪ್ರಕರಣದಲ್ಲಾಗಲಿ ಸತ್ಯದ ಪ್ರಕರಣದಲ್ಲಾಗಲಿ ಇಡದೆ ಅಚೌರ್ಯದ ಪ್ರಕರಣದಲ್ಲಿಟ್ಟದ್ದು ಮನನೀಯವಾಗಿದೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಕಳ್ಳ ತೂಕ-ಅಳತೆಗಳ ಪಕ್ಕದಲ್ಲಿಯೇ ‘ಪ್ರತಿರೂಪಕ ವ್ಯವಹಾರ’ವನ್ನು ಹೇಳಿದರು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅದಕ್ಕೆ ‘ಸದೃಶಸನ್ಮಿಶ್ರ’ವೆಂಬ ಹೆಸರನ್ನು ಕೊಟ್ಟರು. ಸದೃಶವಾದುದನ್ನು, ಎಂದರೆ ನೋಡಲು ಒಂದೇ ತೆರನಾದುದನ್ನು, ಬೆರೆಸುವುದು. ಕಲಬೆರಕೆಯ ಗುಟ್ಟೆಲ್ಲ ಆ ‘ಸದೃಶ’ ಎಂಬ ಒಂದು ಪದದಲ್ಲಿದೆ. ಅಕ್ಕಿಗೆ ಇದ್ದಿಲನ್ನು ಯಾರೂ ಬೆರೆಸುವುದಿಲ್ಲ, ಬಿಳಿಯ ಕಲ್ಲನ್ನು ಬೆರೆಸುತ್ತಾರೆ. ಮೆಣಸಿನ ಪುಡಿಗೆ ಇಟ್ಟಿಗೆಯ ಪುಡಿ, ತುಪ್ಪಕ್ಕೆ ವನಸ್ಪತಿ. ಕಣ್ಣಿಗೆ ಕಾಣದ ಹಾಗೆ ತೆಗೆದುಕೊಳ್ಳುವುದೇ ಕಳವು.

ಆದರೆ ಅದನ್ನು ವ್ರತಭಂಗವೆನ್ನದೆ ಅತಿಚಾರವೆಂದರಲ್ಲ, ಎಂದು ಸಮಾಧಾನ ತಂದುಕೊಳ್ಳುವ ವ್ಯಾಪಾರಿಗಳೂ ಇಲ್ಲದಿಲ್ಲ. ವ್ರತವನ್ನು ಕಾಯಬೇಕೆಂಬ ಅಪೇಕ್ಷೆ ಉಳಿದಿದ್ದು ಒಂದಂಶದಲ್ಲಿ ಜಾರಿದಾಗ ಮಾತ್ರ ಅದು ಅತಿಚಾರ. ಆ ಅಪೇಕ್ಷೆಯೇ ಹೋದಮೇಲೆ ಅದು ಅನಾಚಾರ. ದಿನವೂ ಬೆಳಗಿನ ಐದು ಗಂಟೆಗೆ ಅಳತೆ ಮಾಡಿ ನೀರು ಸುರಿಯುವವನಲ್ಲಿ ಯಾವ ಅಪೇಕ್ಷೆ ಉಳಿದಿದೆ?

ಈಗ ಪರೀಕ್ಷೆಗಳ ಮಾತು. ಹಾಲಿನ ಡೇರಿಗಳಲ್ಲಿ ಬಳಸುವ ಲ್ಯಾಕ್ಟೋಮೀಟರ್ ಎಂಬ ಗಾಜಿನ ಕೊಳವೆಯನ್ನು ಎಲ್ಲರೂ ಕಂಡಿರಬಹುದು. ಅದು ಹಾಲಿನ ಸಾಂದ್ರತೆಯನ್ನು ಅಳೆಯುತ್ತದೆ. ಆಕಳ ಹಾಲು ನೀರಿಗಿಂತ ಸುಮಾರು 1.03 ಪಟ್ಟು ಭಾರ. ನೀರು ಬೆರೆತರೆ ಭಾರ ತಗ್ಗಿ ಕೊಳವೆ ಕೆಳಗಿಳಿಯುತ್ತದೆ. ಆದರೆ ಕೆನೆಯು ಹಾಲಿಗಿಂತ ಹಗುರ. ಕೆನೆ ತೆಗೆದರೆ ಹಾಲಿನ ಭಾರ ಏರುತ್ತದೆ. ಮೊದಲು ಕೆನೆ ತೆಗೆದು, ಆಮೇಲೆ ಹದವರಿತು ನೀರು ಸುರಿದರೆ ಏರಿದ ಭಾರ ಇಳಿದು ಸರಿಯಾದ ಗೆರೆಗೆ ಬಂದು ನಿಲ್ಲುತ್ತದೆ. ಎರಡು ಕಳವುಗಳು ಸೇರಿ ಒಂದು ಪ್ರಾಮಾಣಿಕತೆಯ ವೇಷ ತೊಡುತ್ತವೆ! ಇದನ್ನು ಹಿಡಿಯಲು ಸ್ವಿಟ್ಜರ್ಲೆಂಡಿನ ಗೆರ್ಬರ್ ಎಂಬುವನು 1891ರ ಸುಮಾರಿಗೆ ಗಂಧಕಾಮ್ಲದಿಂದ ಕೊಬ್ಬನ್ನು ಬಿಡಿಸಿ, ಗರಗರನೆ ತಿರುಗಿಸಿ, ಅಳೆಯುವ ಬಗೆಯನ್ನು ಬಳಕೆಗೆ ತಂದನು. ಸಹಕಾರಿ ಸಂಘಗಳು ಹಾಲಿಗೆ ಕೊಬ್ಬಿನ ಲೆಕ್ಕದಲ್ಲಿ ಬೆಲೆ ಕಟ್ಟಲು ಈ ಪರೀಕ್ಷೆಯಿಂದಲೇ ಸಾಧ್ಯವಾಯಿತು. ಆಗ ವಂಚಕರು ಯೂರಿಯಾ, ಸಕ್ಕರೆ, ಪಿಷ್ಟಗಳಿಗೆ ಕೈಯಿಟ್ಟರು. ಪಿಷ್ಟವನ್ನು ಅಯೋಡಿನ್ನಿನ ನೀಲಿ ಬಣ್ಣ ಬಯಲಿಗೆಳೆಯುತ್ತದೆ. ಯೂರಿಯಾವನ್ನು ಗುರುತಿಸಲು ನಮ್ಮ ಸೀಮೆಯ ತೊಗರಿಯೇ ಸಾಕು: ಒಂದು ಚಮಚ ಹಾಲಿಗೆ ಅರ್ಧ ಚಮಚ ಹಸಿ ತೊಗರಿ ಹಿಟ್ಟನ್ನು ಹಾಕಿ ಕಲಕಿ, ಐದು ನಿಮಿಷದ ಮೇಲೆ ಕೆಂಪು ಲಿಟ್ಮಸ್ ಕಾಗದವನ್ನು ಅದ್ದಿದರೆ, ಯೂರಿಯಾ ಬೆರೆತಿದ್ದಲ್ಲಿ ಕಾಗದ ನೀಲಿಗೆ ತಿರುಗುತ್ತದೆ. ತೊಗರಿಯಲ್ಲಿರುವ ಕಿಣ್ವವು ಯೂರಿಯಾವನ್ನು ಒಡೆದು ಅಮೋನಿಯವನ್ನು ಹೊರಡಿಸುವುದೇ ಇದಕ್ಕೆ ಕಾರಣ.

ವನಸ್ಪತಿಯ ಕಥೆ ಇನ್ನೂ ವಿಚಿತ್ರವಾದುದು. ತುಪ್ಪಕ್ಕೆ ವನಸ್ಪತಿ ಬೆರೆತರೆ ಸುಲಭವಾಗಿ ತಿಳಿಯಲೆಂದು, ವನಸ್ಪತಿಯಲ್ಲಿ ಶೇ. 5ರಷ್ಟು ಎಳ್ಳೆಣ್ಣೆ ಸೇರಿರಲೇಬೇಕೆಂಬ ನಿಯಮವು ನಮ್ಮ ದೇಶದಲ್ಲಿ ದೀರ್ಘಕಾಲ ಜಾರಿಯಲ್ಲಿತ್ತು. ಅಂಥ ತುಪ್ಪವನ್ನು ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಸಕ್ಕರೆಯ ಸಂಗಡ ಕುಲುಕಿದರೆ ಎಳ್ಳೆಣ್ಣೆಯು ಕಡುಗೆಂಪು ಬಣ್ಣ ತೋರುತ್ತದೆ. ಒಂದು ಬೆರಕೆಯನ್ನು ಹಿಡಿಯುವುದಕ್ಕಾಗಿ ಸರಕಾರವೇ ಇನ್ನೊಂದು ಬೆರಕೆಯನ್ನು ವಿಧಿಸಿತು. ಆದರೆ 1983ರಲ್ಲಿ ವನಸ್ಪತಿಯಲ್ಲಿಯೇ ದನದ ಕೊಬ್ಬು ಬೆರೆಯುತ್ತಿದೆಯೆಂಬ ಸುದ್ದಿ ದೇಶವನ್ನು ತಲ್ಲಣಗೊಳಿಸಿದಾಗ ಈ ಎಳ್ಳೆಣ್ಣೆಯ ಗುರುತು ಯಾವ ನೆರವಿಗೂ ಬರಲಿಲ್ಲ. ಅದು ಹೇಳಬಲ್ಲುದು ತನಗೆ ವಹಿಸಿದ ಒಂದೇ ಮಾತನ್ನು. ಜೈನ ಮನೆಗಳಲ್ಲಿ ಆ ವರ್ಷ ಆದ ಸಂಕಟವನ್ನು ಹಿರಿಯರು ಬಲ್ಲರು. ಅರಿಯದೆ ಉಂಡುದಕ್ಕೆ ಪ್ರಾಯಶ್ಚಿತ್ತವುಂಟೇ ಎಂಬ ಪ್ರಶ್ನೆ ಆಗ ಬರಿಯ ತರ್ಕವಾಗಿರಲಿಲ್ಲ.

ಸರಕಾರದ ಲೆಕ್ಕಗಳೂ ‘ಶುದ್ಧ’ದ ಅರ್ಥವನ್ನು ತಿಳಿಗೊಳಿಸುವುದಿಲ್ಲ. 1954ರ ಕಲಬೆರಕೆ ತಡೆ ಕಾಯಿದೆಯ ಸ್ಥಾನದಲ್ಲಿ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯು 2011ರಲ್ಲಿ ಜಾರಿಗೆ ಬಂದಿತು. ಅದೇ ವರ್ಷ ದೇಶದಾದ್ಯಂತ ಹಾಲಿನ 1,791 ಮಾದರಿಗಳನ್ನು ಪರೀಕ್ಷಿಸಿದಾಗ ಶೇ. 68.4ರಷ್ಟು ಮಾನಕಕ್ಕೆ ಹೊಂದಲಿಲ್ಲ. 2018ರ ಸಮೀಕ್ಷೆಯಲ್ಲಿ 6,432 ಮಾದರಿಗಳ ಪೈಕಿ ಕುಡಿಯಲು ಅಪಾಯಕರವಾದ ಕಲಬೆರಕೆ ಕಂಡುಬಂದದ್ದು ಕೇವಲ 12ರಲ್ಲಿ. ಏಳು ವರ್ಷಗಳಲ್ಲಿ ದೇಶದ ಗೌಳಿಗರೆಲ್ಲರೂ ವ್ರತಿಗಳಾದರೆಂದು ತಿಳಿಯಬೇಕಾಗಿಲ್ಲ. ಮೊದಲಿನ ಸಮೀಕ್ಷೆಯು ‘ಹಾಲು ಮಾನಕದಂತೆ ಇದೆಯೇ’ ಎಂದು ಕೇಳಿತು. ಎರಡನೆಯದರ ಈ ಲೆಕ್ಕವು ‘ಇದರಿಂದ ಆರೋಗ್ಯಕ್ಕೆ ಕೇಡೇ’ ಎಂಬುದಕ್ಕೆ ಉತ್ತರ. ನೀರು ಬೆರೆತ ಹಾಲು ಎರಡನೆಯ ಪ್ರಶ್ನೆಯಲ್ಲಿ ಪಾರಾಗುತ್ತದೆ, ಅಚೌರ್ಯದ ಪ್ರಶ್ನೆಯಲ್ಲಿ ಪಾರಾಗುವುದಿಲ್ಲ.

ಹಾನಗಲ್ಲ, ಹಿರೇಕೆರೂರುಗಳಿಗೆ ನೆರೆಯ ಬ್ಯಾಡಗಿಯ ಮೆಣಸಿನಕಾಯಿಯನ್ನೂ ಇಲ್ಲಿ ನೆನೆಯಬೇಕು. ಅದರ ಬೆಲೆ ಖಾರಕ್ಕಲ್ಲ, ಬಣ್ಣಕ್ಕೆ. ಬಣ್ಣಕ್ಕೆ ಬೆಲೆಯಿದ್ದಲ್ಲಿ ಬಣ್ಣ ಬಳಿಯುವ ಆಸೆಯೂ ಹುಟ್ಟುತ್ತದೆ. ಭಾರತದಿಂದ ಹೋದ ಮೆಣಸಿನ ಪುಡಿಯಲ್ಲಿ 2003ರಲ್ಲಿ ಯುರೋಪಿನವರು ಸೂಡಾನ್ ಎಂಬ ಕೈಗಾರಿಕಾ ಬಣ್ಣವನ್ನು ಕಂಡರು. 2005ರಲ್ಲಿ ಇಂಗ್ಲೆಂಡಿನಲ್ಲಿ ನಾನೂರಕ್ಕೂ ಹೆಚ್ಚು ಬಗೆಯ ಆಹಾರ ಪದಾರ್ಥಗಳನ್ನು ಅಂಗಡಿಗಳಿಂದ ಹಿಂತೆಗೆಯಬೇಕಾಯಿತು. ಮನೆಯಲ್ಲಿ ಮೆಣಸಿನ ಪುಡಿಯನ್ನು ನೀರಿನ ಲೋಟದ ಮೇಲೆ ಉದುರಿಸಿ, ಬಣ್ಣದ ಎಳೆಗಳು ಇಳಿಯುತ್ತವೆಯೇ ಎಂದು ನೋಡುವ ಪರೀಕ್ಷೆಗೆ ಸೂಡಾನ್ ಸಿಗದು. ಅದು ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಮಾತ್ರ ಕರಗುತ್ತದೆ. ಅದನ್ನು ಬೇರ್ಪಡಿಸಲು ವರ್ಣಲೇಖನ ವಿಧಾನವೇ ಬೇಕು. ರಷ್ಯದ ಸಸ್ಯವಿಜ್ಞಾನಿ ತ್ಸ್ವೆಟ್ ಎಂಬುವನು 1903ರಲ್ಲಿ ವಾರ್ಸಾದಲ್ಲಿ ಮೊದಲು ವಿವರಿಸಿದ ಈ ವಿಧಾನದಲ್ಲಿ ಎಲೆಯ ರಸವು ಸುಣ್ಣದ ಪುಡಿ ತುಂಬಿದ ಕೊಳವೆಯಲ್ಲಿ ಇಳಿಯುತ್ತ ಹಸಿರು, ಹಳದಿ ಪಟ್ಟಿಗಳಾಗಿ ಬೇರೆಯಾಗುತ್ತದೆ. ಸವಣೂರಿನ ವೀಳ್ಯದೆಲೆಯನ್ನು ಅರೆದು ನೋಡಿದರೂ ಒಂದೇ ಹಸಿರೆಂದು ಕಾಣುವುದರೊಳಗೆ ಹಲವು ವರ್ಣಗಳಿವೆ. (ಅಷ್ಟಮಿ, ಚತುರ್ದಶಿಗಳಲ್ಲಿ ಹಸಿರನ್ನು ಬಿಟ್ಟವರು ಈ ಪ್ರಯೋಗವನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಬಹುದು.)

ಪರೀಕ್ಷೆಗಳಿಗೆ ಕೊನೆಯಿಲ್ಲವಾದರೆ ಶುದ್ಧವೆಂಬ ಮಾತು ಎಂದು ನಿಜವಾದೀತು? ಮುನಿಗಳ ಆಹಾರದ 46 ದೋಷಗಳನ್ನು ಹೇಳುವಾಗ ಮೂಲಾಚಾರವು ‘ಉನ್ಮಿಶ್ರ’ವನ್ನು ಒಂದು ದೋಷವಾಗಿ ಎಣಿಸುತ್ತದೆ; ಅದಕ್ಕೂ ಮೊದಲು ‘ಶಂಕಿತ’ವನ್ನು ಹೇಳುತ್ತದೆ. ಯೋಗ್ಯವೋ ಅಯೋಗ್ಯವೋ ಎಂಬ ಸಂದೇಹವುಳ್ಳ ಆಹಾರವೇ ಶಂಕಿತ. ಬೆರಕೆ ಇರಬೇಕಾಗಿಲ್ಲ, ಶಂಕೆಯಿದ್ದರೆ ಸಾಕು. ಆದರೆ ಪೇಟೆಯ ಯಾವ ಪದಾರ್ಥ ಇಂದು ಶಂಕಾತೀತ? ಈ ತೊಡಕಿನಿಂದ ಪಾರಾಗಲು ಇನ್ನೊಂದು ಸೂತ್ರದ ನೆರವು ಬೇಕಾಗುತ್ತದೆ. ಪ್ರಮಾದದ ಯೋಗದಿಂದ ಆದ ಪ್ರಾಣಹರಣವೇ ಹಿಂಸೆಯೆಂದು ಉಮಾಸ್ವಾಮಿಗಳು ಹೇಳಿದರು. ಎಚ್ಚರದಿಂದ ನಡೆಯುವವನ ಕಾಲಿನಡಿಗೆ ಸಿಕ್ಕ ಜೀವಿಯ ವಿಷಯದಲ್ಲಿ ಅವನು ಹಿಂಸಕನಲ್ಲ. ಹಾಗೆಯೇ, ಮಾಡಬೇಕಾದ ಎಚ್ಚರವನ್ನು ಮಾಡಿ ಶುದ್ಧವೆಂದವನು, ಒಳಗೆ ಏನೇ ಅಡಗಿದ್ದರೂ, ಅಸತ್ಯವಾದಿಯಲ್ಲ. ‘ಶುದ್ಧವಿದೆ’ ಎಂಬುದರ ಅರ್ಥ ‘ನನ್ನ ಕಡೆಯಿಂದ ಪ್ರಮಾದವಿಲ್ಲ’ ಎಂದಾಗುತ್ತದೆ.

ಈ ಉತ್ತರ ಸುಲಭವಾಗಿ ಕಂಡರೂ ಅದರ ಬೆಲೆ ದೊಡ್ಡದು. ಮಾಡಬೇಕಾದ ಎಚ್ಚರವೆಷ್ಟು? ಅಜ್ಜಿಯ ಕಾಲದಲ್ಲಿ ಮೊರ, ಜರಡಿ, ಬಟ್ಟೆ ಇದ್ದವು. ಅವುಗಳನ್ನು ಬಳಸದಿದ್ದರೆ ಪ್ರಮಾದ. ಮೊಮ್ಮಗಳ ಕಾಲದಲ್ಲಿ ತೊಗರಿ ಹಿಟ್ಟು, ಲಿಟ್ಮಸ್ ಕಾಗದಗಳು ಕೈಗೆಟಕುವಂತಿವೆ. ಎಟಕುವುದನ್ನು ಬಿಟ್ಟರೆ ಅದೂ ಪ್ರಮಾದವೇ. ಸಾಧನ ಬೆಳೆದಂತೆ ಕರ್ತವ್ಯವೂ ಬೆಳೆಯುತ್ತದೆ. ಇಲ್ಲಿ ಒಂದು ಆಕ್ಷೇಪ ಬರಬಹುದು. ಮೂವತ್ತು ವರ್ಷದಿಂದ ಹಾಲು ಹಾಕುವ ಗೌಳಿಗನು, “ಅವ್ವಾರ, ನಿಮ್ಮ ಅತ್ತಿಯವರ ಕಾಲದಿಂದ ಹಾಲ ಹಾಕಾಕತ್ತೇನಿ, ಇವತ್ತ ಕಾಗದ ಅದ್ದಿ ನೋಡ್ತೀರೇನ್ರಿ?” ಎಂದು ಕೇಳಿದರೆ ಶ್ರಾವಿಕೆ ಏನೆಂದಾಳು? ನೆರೆಯವನ ಮೇಲಿನ ವಿಶ್ವಾಸವೂ ಒಂದು ಶುದ್ಧಿಯೇ. ಅದನ್ನು ಕದಡಿ ಹಾಲನ್ನು ತಿಳಿಗೊಳಿಸಿ ಫಲವೇನು? ಈ ಆಕ್ಷೇಪದಲ್ಲಿ ತಿರುಳಿದೆ. ಆದರೆ ತನ್ನ ಮನೆಯ ಅಕ್ಕಿಯನ್ನೂ ಆರಿಸಿಯೇ ಬೇಯಿಸುವವಳು, ತನ್ನ ಬಾವಿಯ ನೀರನ್ನೂ ಸೋಸಿಯೇ ಕುಡಿಯುವವಳು, ಯಾರನ್ನೂ ಶಂಕಿಸಿ ಹಾಗೆ ಮಾಡುವುದಿಲ್ಲ. ಆ ನೇಮದೊಳಗೆ ಹಾಲನ್ನೂ ಸೇರಿಸಿಕೊಂಡರೆ ಗೌಳಿಗನಿಗೆ ಅವಮಾನವಾಗಬೇಕಾದ ಕಾರಣವಿಲ್ಲ. ಒಬ್ಬನ ಹಾಲನ್ನು ಮಾತ್ರ ಪರೀಕ್ಷಿಸಿದರೆ ಅದು ಶಂಕೆ. ಎಲ್ಲರ ಹಾಲನ್ನೂ, ತನ್ನ ಹಿತ್ತಿಲ ಆಕಳ ಹಾಲನ್ನೂ, ಪರೀಕ್ಷಿಸಿದರೆ ಅದು ಶೋಧನೆ.

ಇಷ್ಟಾದರೂ ಇದು ಕೊಳ್ಳುವವನ ಪಾಡಾಯಿತು. ಮಾರುವವನೂ ಅನೇಕ ಸಲ ಶ್ರಾವಕನೇ. ಅವನು ಚತುರ್ದಶಿಯಂದು ಉಪವಾಸವಿರುತ್ತಾನೆ, ದಶಲಕ್ಷಣದಲ್ಲಿ ಏಕಭುಕ್ತನಾಗಿರುತ್ತಾನೆ, ಉತ್ತಮ ಶೌಚದ ದಿನ ಶೌಚವೆಂದರೆ ಲೋಭದ ಅಭಾವವೆಂಬ ಪ್ರವಚನವನ್ನೂ ಕೇಳುತ್ತಾನೆ. ಪಾರಣೆಯ ಮರುದಿನ ಅಂಗಡಿಯ ಬಾಗಿಲು ತೆರೆದಾಗ ಹಳೆಯ ಕೈ ಹಳೆಯ ಡಬ್ಬಿಗೇ ಹೋಗುತ್ತದೆ. ಉಪವಾಸ ಏನನ್ನು ಬೇರ್ಪಡಿಸಿತು?

ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಆತ್ಮನ ಭಾವಗಳನ್ನು ವಿವರಿಸುವಾಗ ತಂದಿರುವ ದೃಷ್ಟಾಂತವು ಈ ಪ್ರಶ್ನೆಗೆ ಎದುರಾಗಿಯೇ ನಿಂತಂತಿದೆ. ರಾಡಿ ನೀರಿಗೆ ಕತಕದ, ಎಂದರೆ ಚಿಲ್ಲದ ಬೀಜದ ಗಂಧವನ್ನು ಬೆರೆಸಿದರೆ ಕೆಸರು ತಳಕ್ಕೆ ಇಳಿದು ನೀರು ತಿಳಿಯಾಗುತ್ತದೆ. ಅದು ಉಪಶಮ. ಅದೇ ತಿಳಿನೀರನ್ನು ಮೆಲ್ಲನೆ ಬೇರೊಂದು ಶುಚಿಯಾದ ಪಾತ್ರೆಗೆ ಬಸಿದರೆ ಕೆಸರಿನ ಸಂಬಂಧವೇ ಕಡಿದುಹೋಗುತ್ತದೆ. ಅದು ಕ್ಷಯ. ಒಂದಿಷ್ಟು ಇಳಿದು ಒಂದಿಷ್ಟು ಉಳಿದದ್ದು ಮಿಶ್ರ. ಮೇಲಿನಿಂದ ಬಗ್ಗಿ ನೋಡುವವನಿಗೆ ಮೊದಲಿನ ಎರಡು ಪಾತ್ರೆಗಳೂ ಒಂದೇ ತೆರನಾಗಿ ಕಾಣುತ್ತವೆ. ಎರಡರಲ್ಲೂ ತಳ ಹೊಳೆಯುವಷ್ಟು ನಿರ್ಮಲವಾದ ನೀರು. ಪಾತ್ರೆಯನ್ನು ಅಲುಗಿಸಿದಾಗ ಮಾತ್ರ ಭೇದ ತಿಳಿಯುತ್ತದೆ. ಹನ್ನೊಂದನೆಯ ಗುಣಸ್ಥಾನವಾದ ಉಪಶಾಂತಮೋಹದವರೆಗೆ ಏರಿದ ಜೀವವೂ ಕೆಳಗೆ ಬೀಳುವುದು ಇದರಿಂದಲೇ. ಕ್ಷೀಣಮೋಹಕ್ಕೆ ಮಾತ್ರ ಬೀಳುವ ಭಯವಿಲ್ಲ.

ಶಿಗ್ಗಾಂವಿ ತಾಲೂಕಿನ ಬಂಕಾಪುರದಲ್ಲಿ, ಅಜಿತಸೇನ ಭಟ್ಟಾರಕರ ಪಾದಮೂಲದಲ್ಲಿ, ಗಂಗರ ಮಾರಸಿಂಹನು ಕ್ರಿ.ಶ. 974ರ ಸುಮಾರಿಗೆ ಮೂರು ದಿನ ಸಲ್ಲೇಖನವಿದ್ದು ದೇಹವನ್ನು ಬಿಟ್ಟನೆಂದು ಶ್ರವಣಬೆಳಗೊಳದ ಶಾಸನವು ಹೇಳುತ್ತದೆ. ಅವನು ಅನೇಕ ಯುದ್ಧಗಳನ್ನು ಮಾಡಿದವನು. ಅದೇ ಶಾಸನ ಅವನ ಜಯಗಳನ್ನು ಸಾಲುಸಾಲಾಗಿ ಹೇಳಿ, ಕೊನೆಗೆ ಈ ಮೂರು ದಿನಗಳನ್ನು ಹೇಳುತ್ತದೆ. ಆ ಮೂರು ದಿನಗಳಲ್ಲಿ ಕೆಸರು ಇಳಿಯಿತೋ, ನೀರನ್ನು ಬಸಿದದ್ದಾಯಿತೋ, ಹೊರಗಿನವರು ಅಳೆಯುವ ಕೊಳವೆ ಯಾವುದೂ ಇಲ್ಲ. ಅಂಗಡಿಕಾರನ ವಿಷಯ ಅಷ್ಟು ಗೂಢವಲ್ಲ. ಅವನ ಪಾತ್ರೆಯನ್ನು ಪೇಟೆಯು ದಿನವೂ ಅಲುಗಿಸುತ್ತದೆ. ತಳದಲ್ಲಿ ಏನಿತ್ತೆಂಬುದು ಪಾರಣೆಯ ಮರುದಿನವೇ ಮೇಲೆ ಬರುತ್ತದೆ. ಆದ್ದರಿಂದ ನೋಂಪಿಯ ಉದ್ಯಾಪನೆಯಲ್ಲಿ ಉಪವಾಸಗಳ ಸಂಖ್ಯೆಯನ್ನು ಎಣಿಸುವಂತೆ ಆ ಅವಧಿಯ ಅಳತೆ-ತೂಕಗಳನ್ನೂ ಸರಕನ್ನೂ ಒಮ್ಮೆ ನೋಡಿಕೊಳ್ಳುವ ವಾಡಿಕೆ ಇದ್ದಿದ್ದರೆ ಚೆನ್ನಾಗಿತ್ತು.

ಕೊನೆಗೆ ಚೌಕೆಯ ಮಾತು ಉಳಿಯಿತು. ಪರೀಕ್ಷಿಸಿದ ಮೇಲೂ ಶಂಕೆ ಬಿಡದಿದ್ದರೆ ಶ್ರಾವಕನು ಏನು ಮಾಡಬೇಕು? ‘ನನಗೆ ತಿಳಿದ ಮಟ್ಟಿಗೆ ಶುದ್ಧ’ ಎಂದು ಒಂದು ಷರತ್ತನ್ನು ಸೇರಿಸಿ ಹೇಳಬಹುದೆಂದು ಕೆಲವರ ಸಲಹೆ. ಅದು ಸರಿಯೆನಿಸದು. ಷರತ್ತಿನ ಮಾತು ಶಂಕೆಯನ್ನು ಕೊಡುವವನ ತಲೆಯಿಂದ ತೆಗೆದು ಉಣ್ಣುವವರ ಅಂಜಲಿಗೆ ಹಾಕುತ್ತದೆ, ಶಂಕಿತ ದೋಷವಂತೂ ಹಾಗೆಯೇ ಉಳಿಯುತ್ತದೆ. ಶಂಕೆಯಿರುವ ಪದಾರ್ಥವನ್ನು ಆ ದಿನ ಚೌಕೆಗೆ ತರದಿರುವುದೇ ನೇರವಾದ ದಾರಿ. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಎಂಬ ಆರು ರಸಗಳಲ್ಲಿ ಒಂದನ್ನೋ ಹೆಚ್ಚನ್ನೋ ಬಿಡುವ ರಸಪರಿತ್ಯಾಗವು ಬಾಹ್ಯ ತಪಸ್ಸುಗಳಲ್ಲಿ ಒಂದು. ಅನೇಕ ತ್ಯಾಗಿಗಳು ಹಾಲನ್ನೋ ಉಪ್ಪನ್ನೋ ತಾವಾಗಿಯೇ ಬಿಟ್ಟಿರುತ್ತಾರೆ. ಸೇದಿದ ಬಾವಿಯ ನೀರು, ಮನೆಯಲ್ಲಿ ಆರಿಸಿ ಬೇಯಿಸಿದ ಅಕ್ಕಿ, ಹೆಸರುಬೇಳೆ ಇದ್ದರೆ ಆಹಾರಕ್ಕೆ ಕೊರತೆಯಿಲ್ಲ. ತಟ್ಟೆಯಲ್ಲಿ ಹಾಲಿನ ಬಟ್ಟಲು ಕಾಣದಿದ್ದುದಕ್ಕೆ ನೆರೆಮನೆಯವರು ಏನೆಂದುಕೊಳ್ಳುವರೋ ಎಂಬ ಅಳುಕು ಮಾತ್ರ ಉಳಿಯುತ್ತದೆ.